ಜಕಾರ್ಡ್ ಕಾರ್ಡಿನಿಂದ ಡಿಡಿಆರ್5ರವರೆಗೆ: ವೇಗದ ಮೆಮೊರಿಯ ಪರೀಕ್ಷೆ ನಡೆದುಬಂದ ದಾರಿ

ಮೆಮೊರಿಯನ್ನು ಪರೀಕ್ಷಿಸುವವರ ಮುಂದೆ ಎರಡೇ ಪ್ರಶ್ನೆಗಳಿರುತ್ತವೆ. ಕೇಳಿದ್ದನ್ನು ಅದು ಎಷ್ಟು ಬೇಗ ಕೊಡುತ್ತದೆ? ಕೊಟ್ಟದ್ದು ಮೊದಲು ಇಟ್ಟದ್ದೇ ಹೌದೇ? ಗೇಮಿಂಗ್ ಕಂಪ್ಯೂಟರಿಗೆಂದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಕೊಂಡು ತರುವ ಡಿಡಿಆರ್5 ಕಿಟ್‌ಗೂ ಈ ಎರಡನ್ನು ಬಿಟ್ಟು ಬೇರೆ ಪರೀಕ್ಷೆ ಇಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪರೀಕ್ಷೆ ಕಂಪ್ಯೂಟರಿಗಿಂತ ಹಳೆಯದು. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ತೂಗುವ ತೂತಿನ ಕಾರ್ಡುಗಳ ಸರ ಕೂಡ ಒಂದು ಮೆಮೊರಿಯೇ. ಕಂಪ್ಯೂಟರಿನ ಚರಿತ್ರೆ ಬರೆದವರು ಆ ಕಾರ್ಡನ್ನು ತಮ್ಮ ಯಂತ್ರದ ಪೂರ್ವಜರ ಸಾಲಿನಲ್ಲಿ ಇಟ್ಟಿದ್ದಾರೆ.

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಮನೆಯ ಒಂದು ಭಾಗದಲ್ಲೇ ನಾಲ್ಕಾರು ಮಗ್ಗ ಹಾಕಿಕೊಂಡು ಮನೆಮಂದಿಯೆಲ್ಲ ದುಡಿಯುವ ಸಣ್ಣ ಘಟಕಗಳೇ ಇಲ್ಲಿ ಹೆಚ್ಚು. ಕರೆಂಟು ಇದ್ದಷ್ಟು ಹೊತ್ತೂ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದು ನಿಲ್ಲುವುದಿಲ್ಲ. ಇಲ್ಲಿ ನೇಯ್ದ ಸೀರೆ ಬೆಂಗಳೂರಿನ ಚಿಕ್ಕಪೇಟೆಯ ಸಗಟು ಅಂಗಡಿಗಳಿಗೆ ಹೋಗುತ್ತದೆ. ಅಂಚು, ಬುಟ್ಟಾ, ಸೆರಗು ಇರುವ ಇಂಥ ಸೀರೆಯಲ್ಲಿ ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಹಾಗೆ ನಿಶ್ಚಯಿಸಿದ್ದನ್ನು ಎಲ್ಲಾದರೂ ಬರೆದಿಡಬೇಕು, ಮಗ್ಗದ ಓಟಕ್ಕೆ ಸರಿಯಾಗಿ ಓದಿ ಹೇಳಬೇಕು.

ಬರೆದಿಡುವ ಈ ಉಪಾಯ ಹುಟ್ಟಿದ್ದು ಫ್ರಾನ್ಸಿನ ಲಿಯಾನ್‌ನಲ್ಲಿ. 1725ರಲ್ಲಿ ಬಾಸಿಲ್ ಬೂಶೋನ್ ತೂತು ಹೊಡೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆಯುವ ಸಾಧನ ಮಾಡಿದ. ಅವನ ಸಹಾಯಕ ಫಾಲ್ಕನ್ ಸುರುಳಿಯ ಬದಲಿಗೆ ಒಂದಕ್ಕೊಂದು ಹೊಲಿದ ಕಾರ್ಡುಗಳನ್ನು ತಂದ. ವೋಕಾನ್ಸನ್ ಇನ್ನಷ್ಟು ತಿದ್ದಿದ. ಇವರ ಕೆಲಸವನ್ನೆಲ್ಲ ಒಟ್ಟುಗೂಡಿಸಿ, 1804ರ ಹೊತ್ತಿಗೆ ನೇಕಾರ ಒಬ್ಬನೇ ನಡೆಸಬಹುದಾದ ಸಾಧನವನ್ನು ಜೋಸೆಫ್ ಮರಿ ಜಕಾರ್ಡ್ ಸಿದ್ಧಪಡಿಸಿದ. ಅದಕ್ಕೂ ಮೊದಲು ಮಗ್ಗದ ಪಕ್ಕದಲ್ಲೋ ಮೇಲೋ ಕುಳಿತು ದಾರ ಎಳೆಯಲು ಒಬ್ಬ ಹುಡುಗ ಬೇಕಾಗುತ್ತಿತ್ತು. ವಿನ್ಯಾಸದ ನೆನಪು ಆ ಹುಡುಗನ ಕೈಗಳಿಂದ ಕಾರ್ಡಿಗೆ ಬಂತು. ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ನೇಯ್ಗೆ ಯಂತ್ರದ ಹಾದಿ ಹಿಡಿದದ್ದು 1912ರಲ್ಲಿ, ಮೈಸೂರಿನ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನ ಮಗ್ಗಗಳು ಬಂದಾಗ. ವಿದ್ಯುತ್ ಮಗ್ಗವೂ ಅದರ ಮೇಲೆ ಕೂರುವ ಜಕಾರ್ಡ್ ಪೆಟ್ಟಿಗೆಯೂ ದೊಡ್ಡಬಳ್ಳಾಪುರದ ಬದುಕಿನ ಆಧಾರವಾಗಿದ್ದು ಆಮೇಲಿನ ದಶಕಗಳಲ್ಲಿ.

ಕಾರ್ಡು ಓದುವ ಬಗೆಯನ್ನು ಹತ್ತಿರದಿಂದ ನೋಡಬೇಕು. ವಿನ್ಯಾಸವನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬಿಡಿಸುತ್ತಾರೆ. ಅಡ್ಡಸಾಲು ಒಂದು ಹೊಕ್ಕು, ಪ್ರತಿ ಚೌಕ ಒಂದು ಹುಕ್ಕು. ಬಣ್ಣ ತುಂಬಿದ ಚೌಕವಿದ್ದಲ್ಲಿ ಕಾರ್ಡಿಗೆ ತೂತು, ಖಾಲಿ ಚೌಕವಿದ್ದಲ್ಲಿ ತೂತಿಲ್ಲ. ಹೀಗೆ ಹೊಡೆದ ಕಾರ್ಡುಗಳನ್ನು ದಾರದಿಂದ ಸಾಲಾಗಿ ಹೆಣೆದು ಮಗ್ಗದ ಮೇಲಿನ ಚೌಕದ ಉರುಳೆಗೆ ಹಾಕುತ್ತಾರೆ. ಪ್ರತಿ ಹೊಕ್ಕಿಗೂ ಉರುಳೆ ಕಾಲು ಸುತ್ತು ತಿರುಗಿ ಹೊಸ ಕಾರ್ಡನ್ನು ಸೂಜಿಗಳ ಎದುರಿಗೆ ಒತ್ತುತ್ತದೆ. ತೂತು ಸಿಕ್ಕ ಸೂಜಿ ಒಳಗೆ ನುಗ್ಗುತ್ತದೆ. ಅದರ ಹುಕ್ಕು ನೆಟ್ಟಗೆ ನಿಂತಿರುವುದರಿಂದ ಮೇಲೇಳುವ ಪಟ್ಟಿ ಅದನ್ನು ಎತ್ತಿಕೊಂಡು ಹೋಗುತ್ತದೆ, ಹುಕ್ಕಿಗೆ ಕಟ್ಟಿದ ಎಳೆಗಳೂ ಜೊತೆಗೆ ಏಳುತ್ತವೆ. ತೂತು ಸಿಗದ ಸೂಜಿ ಹಿಂದಕ್ಕೆ ಸರಿದು ತನ್ನ ಹುಕ್ಕನ್ನು ವಾಲಿಸುತ್ತದೆ, ಪಟ್ಟಿ ಅದನ್ನು ಮುಟ್ಟದೆ ಮೇಲೇರುತ್ತದೆ. ಎಳೆಗಳ ನಡುವೆ ತೆರೆದ ಬಾಯಿಯಲ್ಲಿ ಲಾಳಿ ಹಾಯುತ್ತದೆ. ಇದೆಲ್ಲ ಮುಗಿಯುವುದು ಅರ್ಧ ಸೆಕೆಂಡಿನಲ್ಲಿ.

ಸರ ಹೊಸದಾಗಿ ಬಂದಾಗ ಅದರ ಯೋಗ್ಯತೆ ತಿಳಿಯುವುದು ನೇಯ್ದು ನೋಡಿದಾಗಲೇ. ಮೊದಲು ಒಂದಷ್ಟು ಉದ್ದದ ಮಾದರಿ ಬಟ್ಟೆ ನೇಯಬೇಕು, ಅದರ ಉಲ್ಟಾ ಮೈಯನ್ನೂ ತಿರುವಿ ಬೆಳಕಿಗೆ ಹಿಡಿಯಬೇಕು. ಹೊಡೆಯಬೇಕಾದ ಒಂದು ತೂತು ತಪ್ಪಿದ್ದರೆ ಹೊಕ್ಕಿನ ನೂಲು ಅಲ್ಲಿ ಹಿಡಿತವಿಲ್ಲದೆ ತೇಲುತ್ತದೆ, ವಿನ್ಯಾಸ ಮರುಕಳಿಸಿದಲ್ಲೆಲ್ಲ ಅದೇ ಜಾಗದಲ್ಲಿ ಅದೇ ಕಲೆ ಮೂಡುತ್ತದೆ. ಇಂಥ ತಪ್ಪು ಹಿಡಿಯುವುದು ಸುಲಭ, ತಿದ್ದುವುದೂ ಸುಲಭ. ನಿಜವಾದ ತಲೆನೋವು ಒಮ್ಮೆ ಬಂದು ಒಮ್ಮೆ ಬಾರದ ತಪ್ಪಿನದು. ಕಾರ್ಡು ಮಳೆಗಾಲದ ತೇವಕ್ಕೆ ಉಬ್ಬಿಯೋ, ತೂತಿನ ಅಂಚು ಸವೆದೋ, ಹೆಣಿಗೆಯ ದಾರ ಸಡಿಲಾಗಿಯೋ ಸೂಜಿ ಕೆಲವೊಮ್ಮೆ ಮಾತ್ರ ತಪ್ಪುತ್ತದೆ. ಕೈಯಿಂದ ನಿಧಾನಕ್ಕೆ ತಿರುಗಿಸಿದರೆ ಎಲ್ಲವೂ ಸರಿ, ಮೋಟಾರಿನ ವೇಗದಲ್ಲಿ ಓಡಿಸಿದರೆ ತಪ್ಪು. ಆದ್ದರಿಂದ ಕೆಲಸದ ವೇಗದಲ್ಲೇ, ಹೊತ್ತುಗಟ್ಟಲೆ ಓಡಿಸಿ ನೋಡದ ಹೊರತು ಕಾರ್ಡಿನ ಸರವನ್ನು ನಂಬುವಂತಿಲ್ಲ. ಮೆಮೊರಿ ಪರೀಕ್ಷೆಯ ಮೊದಲ ನಿಯಮವಿದು. ಕಂಪ್ಯೂಟರ್ ತಂತ್ರಜ್ಞರು ಮುಂದೆ ತಾವೂ ಇದೇ ನಿಯಮಕ್ಕೆ ಬಂದರು.

ಈ ಮೆಮೊರಿಯ ವೇಗವನ್ನು ಲೆಕ್ಕ ಹಾಕಬಹುದು. 240 ಹುಕ್ಕಿನ ಜಕಾರ್ಡ್, ನಿಮಿಷಕ್ಕೆ 120 ಹೊಕ್ಕು ಎಂದಿಟ್ಟುಕೊಂಡರೆ ನಿಮಿಷಕ್ಕೆ 28,800 ಬಿಟ್, ಅಂದರೆ ಸೆಕೆಂಡಿಗೆ 480 ಬಿಟ್ ಓದಿದಂತಾಯಿತು. ಜಾಗದ ಲೆಕ್ಕವೂ ಕುತೂಹಲದ್ದೇ. ಐದೂವರೆ ಮೀಟರಿನ ಸೀರೆಗೆ ಅಂಗುಲಕ್ಕೆ 60 ಹೊಕ್ಕಿನಂತೆ ಸುಮಾರು 13,000 ಹೊಕ್ಕು ಬೇಕು. ಪ್ರತಿ ಹೊಕ್ಕಿಗೂ ಬೇರೆಯದೇ ಕಾರ್ಡು ಹೊಡೆಯಬೇಕೆಂದರೆ ಮನೆಯೇ ಸಾಲದು. ಅದಕ್ಕೇ ಬುಟ್ಟಾ ಮತ್ತೆ ಮತ್ತೆ ಬರುತ್ತದೆ, ಅಂಚಿನ ಬಳ್ಳಿ ಗೇಣಿಗೊಮ್ಮೆ ಮರುಕಳಿಸುತ್ತದೆ, ಹೆಚ್ಚು ಕಾರ್ಡುಗಳ ಖರ್ಚನ್ನು ಸೆರಗಿಗೆ ಮೀಸಲಿಡುತ್ತಾರೆ. ಸೀರೆಯ ಅಂದ ಎಂದು ಕಣ್ಣಿಗೆ ಒಗ್ಗಿಹೋಗಿರುವ ಈ ಮರುಕಳಿಕೆಯಲ್ಲಿ ಮೆಮೊರಿಯ ಮಿತವ್ಯಯದ ಪಾಲೂ ಇದೆ.

1983ರಲ್ಲಿ ಬ್ರಿಟನ್ನಿನ ಬೋನಸ್ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡನ್ನು ಲೋಕದ ಮುಂದಿಟ್ಟಿತು. ಕಾರ್ಡಿನ ಜಾಗಕ್ಕೆ ವಿದ್ಯುತ್ಕಾಂತಗಳು ಬಂದವು, ವಿನ್ಯಾಸ ಕಡತವಾಯಿತು. ಬಹಳ ಮಗ್ಗಗಳು ಇಂದಿಗೂ ಕಾರ್ಡಿನಲ್ಲೇ ಓಡುತ್ತವೆ. ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿಕೊಂಡಲ್ಲಿ ವಿನ್ಯಾಸ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಪೆನ್ ಡ್ರೈವ್‌ನಲ್ಲಿ ಮಗ್ಗಕ್ಕೆ ಬರುತ್ತದೆ. 2,688 ಹುಕ್ಕಿನ ಜಕಾರ್ಡಿನಲ್ಲಿ ಒಂದು ಸಾಲೂ ಮರುಕಳಿಸದ ಇಡೀ ಸೀರೆಯನ್ನು ಬರೆದಿಟ್ಟರೂ ಆಗುವುದು ಸುಮಾರು 4.4 ಮೆಗಾಬೈಟ್. ನಿಮಿಷಕ್ಕೆ 300 ಹೊಕ್ಕಿನ ಓಟದಲ್ಲಿ ಅದನ್ನು ಓದಲು ಬೇಕಾದದ್ದು ಸೆಕೆಂಡಿಗೆ 13,440 ಬಿಟ್. ಅತಿ ಅಗ್ಗದ ಪೆನ್ ಡ್ರೈವ್ ಕೂಡ ಇದರ ಸಾವಿರಾರು ಪಟ್ಟು ವೇಗದ್ದು. ಅದಕ್ಕಿಂತ ವೇಗದ ಮೆಮೊರಿ ಹಾಕಿದರೆ ಸೀರೆ ಒಂದು ನಿಮಿಷವೂ ಬೇಗ ಮುಗಿಯುವುದಿಲ್ಲ. ಕೆಲಸ ಕಾದು ನಿಂತಿರುವುದು ಹುಕ್ಕಿಗಾಗಿ, ನೂಲಿಗಾಗಿ, ಹೊಕ್ಕಿನ ಓಟಕ್ಕಾಗಿ. ಕೆಲಸ ಎಲ್ಲಿ ಕಾಯುತ್ತಿದೆ ಎಂದು ಮೊದಲು ಕಂಡುಕೊಳ್ಳಬೇಕೆಂಬುದು ಮೆಮೊರಿ ಪರೀಕ್ಷೆಯ ಎರಡನೆಯ ನಿಯಮ. ಗೇಮಿಂಗ್ ಕಂಪ್ಯೂಟರಿಗೆ ದುಬಾರಿ ಕಿಟ್ ಕೊಳ್ಳುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಕಾರ್ಡು ನೇಯ್ಗೆಯಿಂದ ಗಣಿತಕ್ಕೆ ಹಾರಿದ್ದು 1830ರ ದಶಕದಲ್ಲಿ. ಚಾರ್ಲ್ಸ್ ಬ್ಯಾಬೇಜ್ ತನ್ನ ಅನಲಿಟಿಕಲ್ ಎಂಜಿನ್ನಿಗೆ ಆಜ್ಞೆಗಳನ್ನು ಜಕಾರ್ಡ್ ಮಾದರಿಯ ಕಾರ್ಡುಗಳಲ್ಲೇ ಕೊಡಲು ಯೋಜಿಸಿದ್ದ. ಸುಮಾರು 24,000 ಕಾರ್ಡುಗಳ ಸರದಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡ್‌ನ ಭಾವಚಿತ್ರವೊಂದನ್ನು ಅವನು ಸಂಪಾದಿಸಿ ಮನೆಯಲ್ಲಿ ಇಟ್ಟುಕೊಂಡಿದ್ದ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ಕಾರ್ಡುಗಳ ಮೂಲಕ ಎಣಿಸಿದ. ಆದರೆ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದ ಕೂಡಲೇ ಕಾರ್ಡಿನ ನಿಧಾನಗತಿ ಸಾಲದಾಯಿತು. ಲೆಕ್ಕ ಮಾಡುವ ಭಾಗ ಸೆಕೆಂಡಿಗೆ ಸಾವಿರಾರು ಲೆಕ್ಕ ಮಾಡುವಾಗ ಸಂಖ್ಯೆಗಳನ್ನು ಅಷ್ಟೇ ವೇಗದಲ್ಲಿ ಉಣಿಸುವ ಜಾಗ ಬೇಕಿತ್ತು. ಪಾದರಸದ ಕೊಳವೆಯಲ್ಲಿ ಓಡುವ ಶಬ್ದದ ಅಲೆ, ಟೀವಿಯಂಥ ಕೊಳವೆಯ ಪರದೆಯ ಮೇಲಿನ ವಿದ್ಯುತ್ ಚುಕ್ಕಿ, ತಿರುಗುವ ಕಾಂತದ ಡ್ರಮ್ಮು ಎಲ್ಲವನ್ನೂ ಪ್ರಯತ್ನಿಸಿದರು. 1953ರಲ್ಲಿ ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರಿಗೆ ಜೇ ಫಾರೆಸ್ಟರ್‌ನ ಗುಂಪು ಕಾಂತದ ಕೋರ್ ಮೆಮೊರಿಯನ್ನು ಅಳವಡಿಸಿದಾಗ ಯಂತ್ರದ ವೇಗ ಎರಡು ಪಟ್ಟಾಯಿತು. ಲೆಕ್ಕದ ಭಾಗ ಮೊದಲಿನದೇ, ಬದಲಾಗಿದ್ದು ಅದು ಕಾಯುವ ಹೊತ್ತು ಮಾತ್ರ.

ಕೋರ್ ಮೆಮೊರಿಯಲ್ಲಿ ನೇಯ್ಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಸಿವೆ ಗಾತ್ರದ ಫೆರೈಟ್ ಉಂಗುರಗಳೊಳಗೆ ತಾಮ್ರದ ಎಳೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಪೋಣಿಸಿದ ಜಾಲರಿ ಅದು. ಅಪೊಲೊ ನೌಕೆಯ ಕಂಪ್ಯೂಟರಿನ ಕಾಯಂ ಮೆಮೊರಿಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್‌ನ ಕಾರ್ಖಾನೆಯಲ್ಲಿ ಮಹಿಳಾ ಕಾರ್ಮಿಕರು ಸೂಜಿಯಿಂದ ಪೋಣಿಸಿದರು. ಎಳೆ ಉಂಗುರದ ಒಳಗೆ ಹಾಯ್ದರೆ ಒಂದು, ಹೊರಗೆ ಹೋದರೆ ಸೊನ್ನೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1960ರಲ್ಲಿ ಪೂರ್ಣಗೊಳಿಸಿದ ಟಿಫ್ರಾಕ್ ಕಂಪ್ಯೂಟರಿನಲ್ಲೂ ಕೋರ್ ಮೆಮೊರಿಯೇ ಇತ್ತು. ಕೋರ್ ಮೆಮೊರಿಯ ಕಾಲದಲ್ಲೇ ಪರೀಕ್ಷೆಯ ಒಂದು ಮುಖ್ಯ ತಂತ್ರವೂ ಬೆಳೆಯಿತು. ಒಂದು ಸೊನ್ನೆಗಳನ್ನು ಚದುರಂಗದ ಮಣೆಯಂತೆ ಒಂದರ ಪಕ್ಕ ಒಂದಿಟ್ಟು ಓದಿದರೆ ಪಕ್ಕದ ಉಂಗುರಗಳ ಗದ್ದಲ ಅತಿ ಹೆಚ್ಚಾಗುತ್ತದೆ. ಆ ಗದ್ದಲದಲ್ಲೂ ಸರಿಯುತ್ತರ ಕೊಟ್ಟರೆ ಮೆಮೊರಿ ಪಾಸು.

ಇಂದಿನ ಎಲ್ಲ ಗೇಮಿಂಗ್ ಕಿಟ್‌ಗಳ ಮೂಲ ಐಬಿಎಂನ ರಾಬರ್ಟ್ ಡೆನ್ನಾರ್ಡ್‌ಗೆ 1966ರಲ್ಲಿ ಹೊಳೆದ ಒಂದು ಸರಳ ವಿಚಾರ. ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು, ಇಷ್ಟೇ ಸೇರಿ ಒಂದು ಬಿಟ್. 1968ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ 1,024 ಬಿಟ್ ಹಿಡಿಸುವ 1103 ಎಂಬ ಡಿರ‍್ಯಾಮ್ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಕೋರ್ ಮೆಮೊರಿ ಹಿಂದೆ ಸರಿಯಿತು. ಡಿರ‍್ಯಾಮ್‌ನ ದೌರ್ಬಲ್ಯ ಅದರ ಹುಟ್ಟಿನಲ್ಲೇ ಇದೆ. ಕೆಪಾಸಿಟರಿನ ವಿದ್ಯುದಂಶ ಸೋರುತ್ತದೆ, ಆದ್ದರಿಂದ ಪ್ರತಿ ಬಿಟ್ಟನ್ನೂ ಮತ್ತೆ ಮತ್ತೆ ಓದಿ ತುಂಬಿಸುತ್ತಿರಬೇಕು. ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೊಮ್ಮೆ, ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳ ಮರುಭರ್ತಿ ಮುಗಿಯಬೇಕು. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರುಭರ್ತಿಯ ಗತಿ ಇಮ್ಮಡಿಯಾಗಬೇಕು.

ಕರ್ನಾಟಕದ ಸಾಮಾನ್ಯ ಖರೀದಿದಾರ ಮೆಮೊರಿಯನ್ನು ಕೈಯಲ್ಲಿ ಹಿಡಿದು ನೋಡುವ ಕಾಲ ಬಂದದ್ದು ಇದಾದ ಬಹಳ ವರ್ಷಗಳ ಮೇಲೆ. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಕೇಂದ್ರ ತೆರೆಯಿತು. 1991ರ ಆರ್ಥಿಕ ಸುಧಾರಣೆಯ ನಂತರ ಬಿಡಿಭಾಗಗಳು ಧಾರಾಳವಾಗಿ ಬರತೊಡಗಿದವು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಮೆಮೊರಿಯಂಥ ಸರಕಿನ ಸುಂಕ ಹಂತಹಂತವಾಗಿ ಸೊನ್ನೆಗೆ ಇಳಿಯಿತು. ಬೇಕಾದ ಭಾಗಗಳನ್ನು ಬೇರೆಬೇರೆಯಾಗಿ ಕೊಂಡು ಜೋಡಿಸಿಕೊಳ್ಳುವ ‘ಅಸೆಂಬಲ್ಡ್’ ಕಂಪ್ಯೂಟರಿನ ಪದ್ಧತಿ ಬೆಂಗಳೂರಿನಲ್ಲಿ ಬೇರೂರಿದ್ದು ಎಸ್‌ಪಿ ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ. ಚಿಕ್ಕಪೇಟೆ, ಅವೆನ್ಯೂ ರಸ್ತೆ, ನಗರ್ತಪೇಟೆಗಳಿರುವ ಹಳೆಯ ಪೇಟೆಯ ಪ್ರದೇಶದಲ್ಲೇ ಇದೂ ಇದೆ. ದೊಡ್ಡಬಳ್ಳಾಪುರದ ಸೀರೆ ಮಾರಾಟವಾಗುವ ಪೇಟೆಯೂ ಆ ಊರಿನ ಹುಡುಗರು ರ‍್ಯಾಮ್ ಕೊಳ್ಳುವ ಪೇಟೆಯೂ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯ ಕಂಪ್ಯೂಟರ್ ಅಂಗಡಿಯವರಿಗೂ ಸರಕು ಬರುತ್ತಿದ್ದುದು ಇಲ್ಲಿಂದಲೇ.

ಆ ಮೊದಲ ದಿನಗಳಲ್ಲಿ ಮೆಮೊರಿಯ ವೇಗ ಚಿಪ್ಪಿನ ಮೈಮೇಲೇ ನ್ಯಾನೊಸೆಕೆಂಡಿನಲ್ಲಿ ಅಚ್ಚಾಗಿರುತ್ತಿತ್ತು. 72 ಪಿನ್ನಿನ ಸಿಮ್ ಪಟ್ಟಿಯ ಚಿಪ್ಪಿನ ಕೊನೆಯಲ್ಲಿ 6 ಎಂದಿದ್ದರೆ 60 ನ್ಯಾನೊಸೆಕೆಂಡ್, 7 ಎಂದಿದ್ದರೆ 70. ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು, ಏಕೆಂದರೆ ಅದು ಕಾಯುವ ಹೊತ್ತು. 1990ರ ದಶಕದ ಕೊನೆಗೆ ಎಸ್‌ಡಿರ‍್ಯಾಮ್ ಬಂದಾಗ ಈ ಪದ್ಧತಿ ತಲೆಕೆಳಗಾಯಿತು. ಪಿಸಿ100, ಪಿಸಿ133 ಎಂಬ ಹೆಸರುಗಳಲ್ಲಿದ್ದದ್ದು ಗಡಿಯಾರದ ಮೆಗಾಹರ್ಟ್ಸ್. ಡಿಡಿಆರ್ ಕಾಲದಲ್ಲಿ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಹರಿಯುತ್ತದೆ ಎಂಬುದೇ ಹೆಸರಾಯಿತು. ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ರೂಢಿ ನಿಂತಿತು. ಕಾಯುವ ಹೊತ್ತನ್ನು ಹೇಳುವ ಸಂಖ್ಯೆ ಲೇಬಲ್ಲಿನ ಮೂಲೆಗೆ, ಸಿಎಲ್ ಎಂಬ ಎರಡಕ್ಷರದ ಹಿಂದಕ್ಕೆ ಸರಿಯಿತು. ಮೆಮೊರಿ ಮಾರಾಟದ ಚರಿತ್ರೆಯಲ್ಲಿ ಕೊಳ್ಳುವವರ ಕಣ್ಣು ತಪ್ಪಿಸಿದ ಬದಲಾವಣೆ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ.

ಲೆಕ್ಕ ಮಾಡಿದರೆ ಇದು ಸ್ಪಷ್ಟವಾಗುತ್ತದೆ. ಸಿಎಲ್ ಸಂಖ್ಯೆಯನ್ನು 2,000ದಿಂದ ಗುಣಿಸಿ ಡಿಡಿಆರ್ ವೇಗದಿಂದ ಭಾಗಿಸಿದರೆ ಮೊದಲ ಅಕ್ಷರ ಹೊರಬರಲು ಹಿಡಿಯುವ ನ್ಯಾನೊಸೆಕೆಂಡ್ ಸಿಗುತ್ತದೆ. ಸಿಎಲ್3ರ ಪಿಸಿ133 ಎಸ್‌ಡಿರ‍್ಯಾಮ್‌ಗೆ (ಅದು ಡಿಡಿಆರ್‌ಗೆ ಮೊದಲಿನದಾದ್ದರಿಂದ ಅದಕ್ಕೆ ಮಾತ್ರ 1,000ದಿಂದ ಗುಣಿಸಬೇಕು) 22.5 ಹಿಡಿಯುತ್ತಿತ್ತು. ಸಿಎಲ್3ರ ಡಿಡಿಆರ್400ಕ್ಕೆ 15, ಸಿಎಲ್9ರ ಡಿಡಿಆರ್3 1600ಕ್ಕೆ 11.25, ಸಿಎಲ್16ರ ಡಿಡಿಆರ್4 3200ಕ್ಕೆ 10. ಸಿಎಲ್30ರ ಡಿಡಿಆರ್5 6000ಕ್ಕೂ ಅದೇ 10. ಇದೇ ಅವಧಿಯಲ್ಲಿ 64 ಬಿಟ್ ಅಗಲದ ಒಂದು ಪಟ್ಟಿಯ ಹರಿವು ಸೆಕೆಂಡಿಗೆ ಸುಮಾರು 1 ಗಿಗಾಬೈಟಿನಿಂದ 48 ಗಿಗಾಬೈಟಿಗೆ ಏರಿತು. ಕಾಲು ಶತಮಾನದಲ್ಲಿ ಹರಿವು 45 ಪಟ್ಟು ಬೆಳೆದರೆ ಕಾಯುವ ಹೊತ್ತು ಅರ್ಧಕ್ಕಿಂತ ತುಸು ಕಡಿಮೆಯಾಯಿತು, ಅಷ್ಟೆ. ಡಿಡಿಆರ್5ರ ಆರಂಭದ ಮಾದರಿಗಳಲ್ಲಿ ಒಂದಾದ ಸಿಎಲ್40ರ 4800 ಪಟ್ಟಿಗೆ ಹಿಡಿಯುವುದು 16.7 ನ್ಯಾನೊಸೆಕೆಂಡ್. ಅಂದರೆ ಈ ಲೆಕ್ಕದಲ್ಲಿ ಅದು ಹಿಂದಿನ ತಲೆಮಾರಿನ ಒಳ್ಳೆಯ ಡಿಡಿಆರ್4ಕ್ಕಿಂತ ನಿಧಾನ. ಪ್ರೊಸೆಸರಿನ ವೇಗಕ್ಕೂ ಮೆಮೊರಿಯ ವೇಗಕ್ಕೂ ನಡುವಿನ ಕಂದಕ ಹಿಗ್ಗುತ್ತಲೇ ಹೋಗುತ್ತದೆಂದು ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮಕ್‌ಕೀ 1990ರ ದಶಕದ ಮಧ್ಯದಲ್ಲೇ ಎಚ್ಚರಿಸಿದ್ದರು. ಅವರು ಅದನ್ನು ಮೆಮೊರಿಯ ಗೋಡೆ ಎಂದು ಕರೆದರು.

ಆ ಗೋಡೆ ಆಟದಲ್ಲಿ ಕಾಣುವುದು ಹೀಗೆ. ಸೆಕೆಂಡಿಗೆ 144 ಚಿತ್ರ ಬೇಕೆಂದರೆ ಪ್ರತಿ ಚಿತ್ರಕ್ಕೆ ಸಿಗುವುದು 6.9 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಸಾವಿರಾರು ವಸ್ತುಗಳ ಸ್ಥಾನ, ಡಿಕ್ಕಿ, ಎದುರಾಳಿಯ ಚಲನೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಬೇಕಾದ ಮಾಹಿತಿ ಹತ್ತಿರದ ಕ್ಯಾಶ್‌ನಲ್ಲಿ ಸಿಗದಿದ್ದರೆ ಮೆಮೊರಿಗೆ ಹೋಗಿ ಬರಬೇಕು. ನಿಯಂತ್ರಕವನ್ನೂ ಸೇರಿಸಿದರೆ ಡಿಡಿಆರ್5 ಯಂತ್ರದಲ್ಲಿ ಇದಕ್ಕೆ ಸಾಮಾನ್ಯವಾಗಿ 60ರಿಂದ 80 ನ್ಯಾನೊಸೆಕೆಂಡ್ ಬೇಕು. 5 ಗಿಗಾಹರ್ಟ್ಸ್ ಪ್ರೊಸೆಸರಿಗೆ 80 ನ್ಯಾನೊಸೆಕೆಂಡ್ ಎಂದರೆ 400 ಬಡಿತ ವ್ಯರ್ಥ. ಒಳ್ಳೆಯ ಕಿಟ್‌ನಿಂದ ಈ ಕಾಯುವಿಕೆ ತಗ್ಗುತ್ತದೆ. ಸರಾಸರಿ ಚಿತ್ರಸಂಖ್ಯೆಗಿಂತಲೂ ಹೆಚ್ಚಾಗಿ, ಅತಿ ನಿಧಾನದ ನೂರಕ್ಕೊಂದು ಚಿತ್ರಗಳ ಅಂಕಿಯಲ್ಲಿ ಅದರ ಲಾಭ ಕಾಣುತ್ತದೆ. ಆಟ ನಡುವೆ ತೊದಲುವುದು ಆ ಚಿತ್ರಗಳಲ್ಲೇ. ಹಾಗಾಗಿ ಬರೀ ಸರಾಸರಿಯನ್ನು ಮುಂದಿಡುವ ಪರೀಕ್ಷೆ ಅರ್ಧ ಪರೀಕ್ಷೆ.

ಇಲ್ಲಿ ಎರಡನೆಯ ನಿಯಮ ಕೆಲಸಕ್ಕೆ ಬರುತ್ತದೆ. 4ಕೆ ಪರದೆಯಲ್ಲಿ ಎಲ್ಲ ಸೊಬಗನ್ನೂ ಹೆಚ್ಚಿಸಿ ಆಡುವಾಗ ಕೆಲಸ ಕಾಯುವುದು ಗ್ರಾಫಿಕ್ಸ್ ಕಾರ್ಡಿಗಾಗಿ, ಮೆಮೊರಿ ಬದಲಿಸಿದರೆ ವ್ಯತ್ಯಾಸ ಕಾಣುವುದೇ ಇಲ್ಲ. 1080 ಸಾಲಿನ ಪರದೆಯಲ್ಲಿ ಅತಿ ವೇಗದ ಸ್ಪರ್ಧೆಯ ಆಟ ಆಡುವಾಗ ಕೆಲಸ ಪ್ರೊಸೆಸರಿನ ಕಡೆ ನಿಲ್ಲುತ್ತದೆ, ಮೆಮೊರಿಯ ಬೆಲೆ ಅಲ್ಲಿ ತಿಳಿಯುತ್ತದೆ. ಎಎಂಡಿ 2022ರ ಏಪ್ರಿಲ್‌ನಲ್ಲಿ ತಂದ 5800ಎಕ್ಸ್3ಡಿ ಪ್ರೊಸೆಸರಿನಲ್ಲಿ 96 ಮೆಗಾಬೈಟ್ ಎಲ್3 ಕ್ಯಾಶ್ ಇತ್ತು. ಅಂಥ ಪ್ರೊಸೆಸರ್ ಮೆಮೊರಿಯ ಬಳಿ ಹೋಗುವುದೇ ಕಡಿಮೆಯಾದ್ದರಿಂದ ದುಬಾರಿ ಕಿಟ್‌ನ ಲಾಭವೂ ಕಡಿಮೆ. ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಆಡುವ ಅಗ್ಗದ ಯಂತ್ರದಲ್ಲಿ ಮಾತ್ರ ಮೆಮೊರಿಯ ಹರಿವು ಎಲ್ಲಕ್ಕಿಂತ ಮುಖ್ಯ. ಸಣ್ಣ ಊರುಗಳಲ್ಲಿ ಹಣ ಉಳಿಸಲೆಂದು ಅಂಥ ಯಂತ್ರಕ್ಕೇ ಒಂಟಿ ಪಟ್ಟಿ ಹಾಕಿ ಮಾರುವುದುಂಟು. 16 ಗಿಗಾಬೈಟಿನ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿ ಅಲ್ಲಿ ಎಷ್ಟೋ ಮೇಲು, ಏಕೆಂದರೆ ಎರಡು ಚಾನೆಲ್ ತೆರೆದಾಗ ಹರಿವು ಇಮ್ಮಡಿಯಾಗುತ್ತದೆ.

ಕಿಟ್ ಎಂದು ಎರಡು ಪಟ್ಟಿಗಳನ್ನು ಒಟ್ಟಿಗೆ ಕೊಡುವುದಕ್ಕೆ ಕಾರಣವೂ ಇದೇ. ಜೊತೆಯಾಗಿ ಪರೀಕ್ಷಿಸಿದ ಪಟ್ಟಿಗಳು ಒಂದೇ ವೇಗದಲ್ಲಿ ಹೊಂದಿಕೊಂಡು ನಡೆಯುತ್ತವೆ. ಜೆಡೆಕ್ ಸಂಸ್ಥೆ ಡಿಡಿಆರ್5 ಮಾನದಂಡವನ್ನು 2020ರ ಜುಲೈಯಲ್ಲಿ ಪ್ರಕಟಿಸಿತು. ಅದರ ಪ್ರಕಾರ ಪಟ್ಟಿಗೆ 1.1 ವೋಲ್ಟ್ ಸಾಕು. ಗೇಮಿಂಗ್ ಕಿಟ್‌ನ ಪೆಟ್ಟಿಗೆಯ ಮೇಲಿನ 6000, 6400 ಎಂಬ ವೇಗಗಳು ಸಿಗುವುದು ಇಂಟೆಲ್ 2007ರಲ್ಲಿ ಶುರುಮಾಡಿದ ಎಕ್ಸ್‌ಎಂಪಿ ಅಥವಾ ಎಎಂಡಿ 2022ರಲ್ಲಿ ತಂದ ಎಕ್ಸ್‌ಪೋ ಎಂಬ ವ್ಯವಸ್ಥೆಯನ್ನು ಬಯಾಸ್‌ನಲ್ಲಿ ಚಾಲೂ ಮಾಡಿ, ಹೆಚ್ಚಾಗಿ 1.35 ವೋಲ್ಟೋ ಅದಕ್ಕಿಂತ ಮೇಲೋ ಕೊಟ್ಟಾಗ. ಚಾಲೂ ಮಾಡದಿದ್ದರೆ ದುಬಾರಿ ಕಿಟ್ 4800ರಲ್ಲೋ 5600ರಲ್ಲೋ ತೆವಳುತ್ತದೆ. ಹಾಗೆ ವರ್ಷಗಟ್ಟಲೆ ತೆವಳುತ್ತಿರುವ ಕಿಟ್‌ಗಳು ಎಷ್ಟೋ ಇವೆ. ಎಎಂಡಿ ತನ್ನ 7000 ಸಾಲಿನ ಪ್ರೊಸೆಸರುಗಳಿಗೆ 6000 ಹದವಾದ ವೇಗ ಎಂದು ತಾನೇ ಹೇಳಿತ್ತು. ಅದಕ್ಕಿಂತ ಮೇಲಿನ ಸಂಖ್ಯೆಗೆ ಹಣ ಸುರಿಯುವ ಮುನ್ನ ಪ್ರೊಸೆಸರಿನ ನಿಯಂತ್ರಕ ಅದನ್ನು ತಾಳುತ್ತದೆಯೇ ಎಂದು ನೋಡಬೇಕು. ನಾಲ್ಕು ಗೂಡುಗಳಲ್ಲೂ ಪಟ್ಟಿ ತುಂಬಿದರೆ ವೇಗ ಇಳಿಯುತ್ತದೆ. ಇಂಟೆಲ್‌ನ 2024ರ ಕೋರ್ ಅಲ್ಟ್ರಾ 200ಎಸ್ ಪ್ರೊಸೆಸರುಗಳ ಜೊತೆಗೆ ಬಂದ ಸಿಯುಡಿಮ್ ಪಟ್ಟಿಗಳಲ್ಲಿ ಗಡಿಯಾರದ ಸಂಕೇತವನ್ನು ತಿದ್ದಿ ಕಳಿಸುವ ಚಿಪ್ಪು ಪಟ್ಟಿಯ ಮೇಲೇ ಇರುವುದರಿಂದ ಇನ್ನೂ ಹೆಚ್ಚಿನ ವೇಗ ಸಾಧ್ಯವಾಯಿತು.

ವೇಗದ ಪ್ರಶ್ನೆ ಮುಗಿದ ಮೇಲೆ ನಿಷ್ಠೆಯ ಪ್ರಶ್ನೆ. ಇಟ್ಟ ಬಿಟ್ ತಾನಾಗಿ ಬದಲಾಗಬಹುದೆಂಬುದು ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್ 1970ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ಸಂಗತಿ. ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣ ವಸ್ತುವಿನಿಂದ ಹೊರಟ ಆಲ್ಫಾ ಕಣಗಳು ಕೆಪಾಸಿಟರಿನ ವಿದ್ಯುದಂಶವನ್ನು ಕೆಡಿಸುತ್ತಿದ್ದವು. ಒಂದೇ ಸಾಲನ್ನು ಮತ್ತೆ ಮತ್ತೆ ತಟ್ಟಿ ಓದಿದರೆ ಪಕ್ಕದ ಸಾಲಿನ ಬಿಟ್ ಬದಲಾಗುತ್ತದೆಂದು 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ರೋಹ್ಯಾಮರ್ ಎಂದು ಹೆಸರಾದ ಈ ದೋಷ ಚಿಪ್ಪಿನೊಳಗಿನ ಗೂಡುಗಳು ಒತ್ತೊತ್ತಾದುದರ ಫಲ. ಡಿಡಿಆರ್5 ಚಿಪ್ಪು ತನ್ನೊಳಗಿನ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪಿಗೆ ಆ ರಕ್ಷಣೆ ಇಲ್ಲ. ವೇಗ ಏರಿಸಿದಾಗ ಎಡವುವುದು ಹೆಚ್ಚಾಗಿ ಆ ದಾರಿಯಲ್ಲೇ.

ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಈ ಪರೀಕ್ಷೆಯನ್ನು ಮನೆಮನೆಗೆ ತಂದಿತು. ಕಾರ್ಯಾಚರಣಾ ವ್ಯವಸ್ಥೆ ಏಳುವ ಮೊದಲೇ ಅದು ಓಡುತ್ತದೆ, ಬಗೆಬಗೆಯ ಮಾದರಿಗಳನ್ನು ಬರೆದು ಓದಿ ಹೋಲಿಸುತ್ತದೆ. ಕೋರ್ ಕಾಲದ ಚದುರಂಗದ ಮಣೆಯ ಉಪಾಯದ ಸಂತತಿಯೇ ಈ ಮಾದರಿಗಳು. ಒಂದು ಸುತ್ತು ಪಾಸಾದರೆ ಸಾಲದು. ಪಟ್ಟಿ ಬಿಸಿಯೇರಿದ ಮೇಲೆ, ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಪೆಟ್ಟಿಗೆಯೊಳಗೆ ತುಂಬಿದ ಮೇಲೆ ಬರುವ ತಪ್ಪು ತಣ್ಣಗಿನ ಯಂತ್ರದಲ್ಲಿ ಕಾಣಸಿಗದು. ಹೊರಗಿನ ಬಿಸಿ ಏರುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ರಾತ್ರಿಯಿಡೀ ಪರೀಕ್ಷೆ ಓಡಿಸಿ, ಆಮೇಲೆ ಭಾರವಾದ ಆಟವನ್ನೇ ಗಂಟೆಗಟ್ಟಲೆ ನಡೆಸಿ ನೋಡುವುದು ಒಳ್ಳೆಯದು. ಕರೆಂಟು ಹೋಗಿ ಬರುವ ಕಡೆ ಯುಪಿಎಸ್ ಇಲ್ಲದೆ ಮಾಡಿದ ಪರೀಕ್ಷೆಯ ಫಲವನ್ನು ನಂಬುವುದು ಕಷ್ಟ. ಯಂತ್ರ ಕುಸಿದದ್ದು ಮೆಮೊರಿಯಿಂದಲೋ ವಿದ್ಯುತ್ತಿನಿಂದಲೋ ತಿಳಿಯದು. ಒಂದೇ ಒಂದು ತಪ್ಪು ಬಂದರೂ ಆ ವೇಗಕ್ಕೆ ಆ ಕಿಟ್ ಅನರ್ಹ. ನೂರು ಕೋಟಿಗೊಂದು ತಪ್ಪು ತಾನೆ ಎಂದು ಬಿಟ್ಟರೆ ಅದು ಒಂದು ದಿನ ಆಟದ ಉಳಿಸಿದ ಕಡತವನ್ನೋ ಮನೆಯ ಫೋಟೊಗಳನ್ನೋ ಕೆಡಿಸಿ ಹೋಗುತ್ತದೆ.

ಎಸ್‌ಪಿ ರಸ್ತೆಯಂಥ ಮಾರುಕಟ್ಟೆಯಲ್ಲಿ ಇನ್ನೊಂದು ಪರೀಕ್ಷೆಯೂ ರೂಢಿಗೆ ಬಂದಿದೆ. ಹಳೆಯ ಅಥವಾ ಕೆಳದರ್ಜೆಯ ಚಿಪ್ಪಿಗೆ ಹೊಸ ಲೇಬಲ್ ಅಂಟಿಸಿ ಮಾರುವ ಚಾಳಿ ಲೋಕದ ಎಲ್ಲ ಬಿಡಿಭಾಗದ ಪೇಟೆಗಳಲ್ಲೂ ಉಂಟು. ಪಟ್ಟಿಯ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ತಯಾರಕರು ಬರೆದಿಟ್ಟ ವಿವರವನ್ನು ಸಿಪಿಯು-ಝಡ್‌ನಂಥ ತಂತ್ರಾಂಶದಿಂದ ಓದಿ, ಲೇಬಲ್ಲಿನ ಜೊತೆ ತಾಳೆ ನೋಡಬೇಕು. ಡಿರ‍್ಯಾಮ್ ಚಿಪ್ಪುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಉಳಿದ ಬಹುತೇಕ ಬ್ರಾಂಡುಗಳು ಅವರ ಚಿಪ್ಪನ್ನು ಆರಿಸಿ ಪಟ್ಟಿಗೆ ಕೂರಿಸುತ್ತವೆ. ಹೊರಗಿನ ಲೋಹದ ಹೊದಿಕೆಯ ಬಣ್ಣ, ದೀಪಗಳ ಬೆಡಗು ಬೆಲೆಯನ್ನು ಏರಿಸುತ್ತವೆಯೇ ಹೊರತು ವೇಗವನ್ನಲ್ಲ. ಬಿಲ್ಲು, ಸೀಲು, ವಾರಂಟಿ ಈ ಮೂರನ್ನೂ ಕೇಳಿ ಪಡೆಯುವುದು ಯಾವ ತಂತ್ರಾಂಶಕ್ಕಿಂತಲೂ ಗಟ್ಟಿಯಾದ ರಕ್ಷಣೆ.

ಬೆಲೆಯ ಏರಿಳಿತಕ್ಕೂ ಇದೇ ಕೆಲವೇ ಕೈಗಳ ಹಿಡಿತ ಕಾರಣ. 1993ರ ಜುಲೈಯಲ್ಲಿ ಜಪಾನಿನ ನಿಹಾಮಾದಲ್ಲಿ ಚಿಪ್ ಹೊದಿಕೆಯ ರಾಳ ತಯಾರಿಸುವ ಒಂದೇ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೆಮೊರಿಯ ಬೆಲೆ ಲೋಕದೆಲ್ಲೆಡೆ ಜಿಗಿಯಿತು. 1999ರ ಸೆಪ್ಟೆಂಬರಿನ ತೈವಾನ್ ಭೂಕಂಪದಲ್ಲೂ ಹಾಗೇ ಆಯಿತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಹಸಿವಿನಿಂದ ಡಿಡಿಆರ್5ರ ಬೆಲೆ ಮತ್ತೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರುಶಿಯಲ್ ಬ್ರಾಂಡಿನಡಿ ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಬಳಸಿದ ಡಿಡಿಆರ್4 ಪಟ್ಟಿಗೂ ಬೇಡಿಕೆ ಬರುತ್ತದೆ, ಬಳಸಿದ ಪಟ್ಟಿಗೆ ರಾತ್ರಿಯಿಡೀ ಪರೀಕ್ಷೆ ಇನ್ನಷ್ಟು ಅಗತ್ಯ.

ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಮೆಮೊರಿ ಬೇರೆ ರೂಪದಲ್ಲಿ ಕೈಬದಲಾಗುತ್ತಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಫಾಕ್ಸ್‌ಕಾನ್‌ಗೆ ನೀಡಿದ ಸುಮಾರು 300 ಎಕರೆಯ ಜಾಗದಲ್ಲಿ 2025ರಲ್ಲಿ ಐಫೋನ್ ತಯಾರಿಕೆ ಶುರುವಾಯಿತು. ಫೋನಿನಲ್ಲೂ ಬಹುತೇಕ ತೆಳು ಲ್ಯಾಪ್‌ಟಾಪುಗಳಲ್ಲೂ ಮೆಮೊರಿಯನ್ನು ಬೆಸುಗೆ ಹಾಕಿಯೇ ಕೊಡುತ್ತಾರೆ. ಕೊಂಡವರು ಅದನ್ನು ಬಿಚ್ಚಿ ಬದಲಿಸುವಂತಿಲ್ಲ, ಪರೀಕ್ಷೆಯ ಹೊಣೆ ಪೂರ್ತಿಯಾಗಿ ಕಾರ್ಖಾನೆಯದು. ಬಿಚ್ಚಿ ಬದಲಿಸುವ ಅವಕಾಶವನ್ನು ಉಳಿಸಿಕೊಂಡೇ ಬೆಸುಗೆಯ ಮೆಮೊರಿಯ ವೇಗ ಪಡೆಯುವ ಸಿಎಎಂಎಂ2 ಎಂಬ ಮಾನದಂಡವನ್ನು ಜೆಡೆಕ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ಚಪ್ಪಟೆಯಾದ ಆ ಪಟ್ಟಿಯನ್ನು ಮದರ್‌ಬೋರ್ಡಿನ ಮೇಲೆ ಒತ್ತಿ ಸ್ಕ್ರೂ ಬಿಗಿಯುತ್ತಾರೆ. ಸಂಕೇತ ಸಾಗುವ ದಾರಿ ಅದರಲ್ಲಿ ಚಿಕ್ಕದು, ಎರಡು ಚಾನೆಲ್‌ಗಳೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ.